ಹನ್ನೊಂದು ಎಕರೆಗೆ ಎಷ್ಟು ಎಚ್.ಪಿ.?

ಎತ್ತು ಕೊಳ್ಳುವ ವಿದ್ಯೆ ನಮ್ಮ ಕಡೆ ಒಂದು ದೊಡ್ಡ ಶಾಸ್ತ್ರವೇ ಆಗಿತ್ತು. ಬಾಯಿ ಬಿಡಿಸಿ ಹಲ್ಲು ಎಣಿಸುತ್ತಿದ್ದರು. ಮೈಮೇಲಿನ ಸುಳಿ ನೋಡುತ್ತಿದ್ದರು. ನಾಲ್ಕು ಹೆಜ್ಜೆ ನಡೆಸಿ ಗೊರಸು ಊರುವ ರೀತಿ ನೋಡುತ್ತಿದ್ದರು. ಹಿಂದೆ ನಿಂತು ಬಾಲದ ಬುಡ ಮುಟ್ಟಿ, ಒದೆಯುವ ಜಾತಿಯೋ ಹೆದರುವ ಜಾತಿಯೋ ಎಂದು ಪರೀಕ್ಷಿಸುತ್ತಿದ್ದರು. ಆಮೇಲೆ ಟವೆಲಿನ ಕೆಳಗೆ ಇಬ್ಬರ ಕೈ ಸೇರಿ ಬರೀ ಬೆರಳಿನಲ್ಲೇ ವ್ಯಾಪಾರ ನಡೆಯುತ್ತಿತ್ತು. ಇಷ್ಟಾದ ಮೇಲೂ ಎತ್ತು ಹಿಡಿದುಕೊಂಡು ಬಂದವನು ಊರ ಅಗಸಿ ದಾಟುವಷ್ಟರಲ್ಲಿ ಹತ್ತು ಮಂದಿ ತಡೆದು ನಿಲ್ಲಿಸಿ, ಒಬ್ಬ ಕೊಂಬಿಗೆ, ಇನ್ನೊಬ್ಬ ಕಾಲಿಗೆ ಹೆಸರಿಟ್ಟೇ ಕಳಿಸುತ್ತಿದ್ದರು. ಅಂಥ ಜನ ಈಗ ಟ್ರ್ಯಾಕ್ಟರ್ ಕೊಳ್ಳುವಾಗ ಕೇಳುವುದು ಎರಡೇ ಪ್ರಶ್ನೆ: ಬಣ್ಣ ಯಾವುದು, ಎಚ್.ಪಿ. ಎಷ್ಟು? ಎರಡಕ್ಕೂ ಉತ್ತರ ಸಿಗುವುದು ಹೊಲದಲ್ಲಲ್ಲ, ಪಕ್ಕದ ಮನೆಯ ಅಂಗಳದಲ್ಲಿ. ಅವರ ಮನೆಯದು ನಲವತ್ತೈದಾದರೆ ನಮ್ಮದು ಐವತ್ತಾಗಬೇಕು, ಅಷ್ಟೆ.

ಈ ಮಾತು ಹೇಳಲು ನಾನೇನೂ ಒಕ್ಕಲುತನ ಮಾಡಿದವಳಲ್ಲ. ಬಿ.ಎ., ಬಿ.ಎಡ್. ಮುಗಿಸಿ, ಹತ್ತಿರ ಹತ್ತಿರ ಮೂವತ್ತು ವರ್ಷ ಪ್ರೌಢಶಾಲೆಯ ಮಕ್ಕಳಿಗೆ ಸಮಾಜ ವಿಜ್ಞಾನ ಹೇಳುತ್ತ ಬಂದವಳು. ಆದರೆ ಹುಟ್ಟಿ ಬೆಳೆದದ್ದು ಒಕ್ಕಲುತನದ ಮನೆಯಲ್ಲಿ. ತವರಿನ ನಂಟು ಇನ್ನೂ ಹಾಗೆಯೇ ಇದೆ. 2025ರ ಬೇಸಿಗೆಯಲ್ಲಿ ತಮ್ಮನ ಮಗ ಟ್ರ್ಯಾಕ್ಟರ್ ಸಾಲಕ್ಕೆ ನನ್ನ ಜಾಮೀನು ಸಹಿ ಕೇಳಿಕೊಂಡು ದೇವದುರ್ಗದ ನಮ್ಮ ಮನೆಗೆ ಬಂದ. ಓದದೆ ಯಾವ ಕಾಗದಕ್ಕೂ ಸಹಿ ಹಾಕಬೇಡಿರೆಂದು ಮಕ್ಕಳಿಗೆ ವರ್ಷಕ್ಕೊಮ್ಮೆಯಾದರೂ ಹೇಳುವವಳು ನಾನು. ಆದ್ದರಿಂದ ಓದಲು ಕುಳಿತೆ. ಬ್ಯಾಂಕಿನ ಕಾಗದವನ್ನು ಓದಿದ್ದು ಒಂದು ದಿನ. ಟ್ರ್ಯಾಕ್ಟರನ್ನು ಓದಿದ್ದು ನಾಲ್ಕು ತಿಂಗಳು.

ನನ್ನ ತವರೂರು ಗೂಗಲ್. ಹೆಸರು ಕೇಳಿದ ಕೂಡಲೆ ಈಗಿನ ಮಕ್ಕಳು ಕಿಸಕ್ಕನೆ ನಗುತ್ತಾರೆ. ಆದರೆ ಕಂಪ್ಯೂಟರಿನ ಗೂಗಲ್ ಹುಟ್ಟುವುದಕ್ಕೆ ಎಷ್ಟೋ ತಲೆಮಾರು ಮೊದಲೇ ಇದ್ದದ್ದು ನಮ್ಮ ಗೂಗಲ್. ರಾಯಚೂರು ಜಿಲ್ಲೆ ದೇವದುರ್ಗ ತಾಲ್ಲೂಕಿನಲ್ಲಿ, ಕೃಷ್ಣೆಯ ದಂಡೆಯ ಮೇಲೆ, ಅಲ್ಲಮಪ್ರಭುವಿನ ಗುಡಿಯ ಆಸರೆಯಲ್ಲಿರುವ ಊರು. ಹೊಳೆಗೆ ಅಡ್ಡವಾಗಿ ಬ್ಯಾರೇಜು ಇದೆ. ಆಚೆಯ ದಂಡೆ ಯಾದಗಿರಿ ಜಿಲ್ಲೆಗೆ ಸೇರಿದ್ದು. ನಮ್ಮ ಮನೆಯ ಭೂಮಿ ಒಟ್ಟು 11 ಎಕರೆ. ಅದರಲ್ಲಿ 6 ಎಕರೆ ಎರೆ, ಮಳೆಯನ್ನೇ ನಂಬಿದ್ದು. ಹೊಳೆಯ ನೀರು ಮೋಟಾರಿನಿಂದ ಏರುವ 3 ಎಕರೆಯಲ್ಲಿ ನೆಲ್ಲು. ಇನ್ನು 2 ಎಕರೆ ಮಸಾರಿ, ಶೇಂಗಾಕ್ಕೋ ಸಜ್ಜೆಗೋ ಆಗುವಂಥದು. ಪಹಣಿಯ 9ನೆಯ ಕಾಲಮಿನಲ್ಲಿ ಇವತ್ತಿಗೂ ಇರುವುದು ಎಂಬತ್ತು ದಾಟಿದ ನಮ್ಮ ಅವ್ವನ ಹೆಸರು.

ಅಳಿಯನ ಮನಸ್ಸು ಐವತ್ತು ಎಚ್.ಪಿ.ಯ ಮೇಲೆ ನಿಂತಿತ್ತು. "ಅತ್ತಿ, ನಲವತ್ತು ತಂದ್ರ ಮಂದಿ ನಗ್ತಾರ. ಐವತ್ತು ಇದ್ರ ಎಲ್ಲಾ ಕೆಲ್ಸ ಬರ್ತೈತಿ, ಬಾಡಿಗಿನೂ ಬರ್ತೈತಿ" ಎಂಬುದು ಅವನ ವಾದ. ಹುಡುಗ ಕೆಟ್ಟವನಲ್ಲ. ಡಿಗ್ರಿ ಮುಗಿಸಿ ಎರಡು ವರ್ಷ ಬೆಂಗಳೂರಿನಲ್ಲಿ ದುಡಿದು, ಅಲ್ಲಿಯ ಬಾಡಿಗೆಗೂ ಊಟಕ್ಕೂ ಸರಿಹೋಗುವ ಸಂಬಳ ಬಿಟ್ಟು, ಊರಿನಲ್ಲೇ ಬದುಕುತ್ತೇನೆಂದು ಬಂದಿದ್ದಾನೆ. ಹಾಗೆ ಬಂದವನಿಗೆ ಬೇಡ ಎನ್ನಲು ಬಾಯಿ ಬರುವುದಿಲ್ಲ. ಆದರೆ ಹೂಂ ಎನ್ನಲು ಕೈಯೂ ಬರಲಿಲ್ಲ. ಸಾಲ ಎದ್ದ ದಿನವೇ ಅವ್ವನ ಪಹಣಿಯ 11ನೆಯ ಕಾಲಮಿನಲ್ಲಿ ಋಣ ಏರುತ್ತದೆ. ನಮ್ಮ ಓಣಿಯಲ್ಲೇ ಒಂದು ಮನೆಯ ಟ್ರ್ಯಾಕ್ಟರನ್ನು ಮೂರನೆಯ ವರ್ಷ ಸಾಲ ಕೊಟ್ಟವರು ಬಂದು ಎಳೆದೊಯ್ದಿದ್ದರು. ಟ್ರ್ಯಾಕ್ಟರ್ ಹೋದದ್ದಕ್ಕಿಂತ, ಅದನ್ನು ನೋಡುತ್ತ ಬಾಗಿಲಲ್ಲಿ ನಿಂತಿದ್ದ ಆ ಮನೆಯ ಹೆಣ್ಣುಮಕ್ಕಳ ಮುಖ ನನಗೆ ಮರೆತಿಲ್ಲ. ಕೊಳ್ಳುವಾಗ ಅವರನ್ನು ಯಾರೂ ಒಂದು ಮಾತು ಕೇಳಿರಲಿಲ್ಲ.

ನಮ್ಮ ಮನೆಯಲ್ಲಾದರೂ ಕೇಳಬೇಕೆಂದು ಒಂದು ಭಾನುವಾರ ಊರಿಗೆ ಹೋದೆ. ಅಳಿಯ ಶೋರೂಮಿನಿಂದ ತಂದಿದ್ದ ಬಣ್ಣಬಣ್ಣದ ಕಾಗದಗಳನ್ನು ಪಡಸಾಲೆಯಲ್ಲಿ ಹರವಿದ. ತಮ್ಮ ಒಂದೊಂದನ್ನೇ ಎತ್ತಿ ನೋಡಿದ. ಅವ್ವ ಕಣ್ಣು ಕಿರಿದು ಮಾಡಿ ಚಿತ್ರ ನೋಡಿ, ಬಹಳ ಹೊತ್ತಿನ ಮೇಲೆ ಒಂದೇ ಪ್ರಶ್ನೆ ಕೇಳಿದಳು: "ಯಪ್ಪಾ, ಇದು ಕಳಿ ತಗೀತೈತೇನು?"

ಎಲ್ಲರೂ ನಕ್ಕರು. ಆದರೆ ಆ ಪ್ರಶ್ನೆ ನಗುವಂಥದಾಗಿರಲಿಲ್ಲ. ಒಕ್ಕಲುತನದಲ್ಲಿ ಗಳೆ ಹೊಡೆಯುವುದು, ಹರಗುವುದು, ಕೂರಿಗೆ ಹಿಡಿಯುವುದು, ಬಂಡಿ ಹೂಡುವುದು ಗಂಡಸರ ಕೆಲಸ. ಕಳೆ ತೆಗೆಯುವುದು, ಹತ್ತಿ ಬಿಡಿಸುವುದು, ಸಸಿ ನಾಟಿ ಮಾಡುವುದು ಹೆಂಗಸರದು. ಟ್ರ್ಯಾಕ್ಟರ್ ಬಂದು ಗಂಡಸರ ಕೆಲಸವನ್ನು ಕೂತು ಮಾಡುವ ಕೆಲಸವನ್ನಾಗಿ ಮಾಡಿತು. ಹೆಂಗಸರದು ಬಗ್ಗಿ ಮಾಡುವ ಕೆಲಸವಾಗಿಯೇ ಉಳಿಯಿತು. ಅಷ್ಟೇ ಅಲ್ಲ, ಎತ್ತು ಮಾರಿದ ಮನೆಗಳಲ್ಲಿ ಎಡೆಕುಂಟೆ ಹೊಡೆಯುವವರಿಲ್ಲದೆ ಕುರುಪಿಯ ಕೆಲಸ ಇನ್ನಷ್ಟು ಹೆಚ್ಚಿತು. ಅರವತ್ತು ವರ್ಷ ಹತ್ತಿ ಸಾಲಿನಲ್ಲಿ ಬಗ್ಗಿದ ಮುದುಕಿ ಯಂತ್ರದ ಮುಂದೆ ನಿಂತು ಮೊದಲು ಕೇಳಬೇಕಾದ್ದನ್ನೇ ಕೇಳಿದ್ದಳು: ಇದು ಮಾಡುವ ಕೆಲಸ ಯಾವುದು? ಅಲ್ಲಿಂದ ಮುಂದೆ ನಾನು ಎಚ್.ಪಿ.ಯನ್ನು ಬದಿಗಿಟ್ಟು ಕೆಲಸದ ಕಡೆಯಿಂದ ನೋಡಲು ತೊಡಗಿದೆ.

ಆದರೂ ಎಚ್.ಪಿ. ಎಂದರೇನೆಂದು ತಿಳಿಯದೆ ಬದಿಗಿಡುವುದೂ ಸರಿಯಲ್ಲ. ಕುದುರೆಗಳ ಕೆಲಸಕ್ಕೆ ತನ್ನ ಉಗಿಯಂತ್ರದ ಕೆಲಸವನ್ನು ಹೋಲಿಸಿ ತೋರಿಸಲು ಜೇಮ್ಸ್ ವಾಟ್ ಮಾಡಿಕೊಂಡ ಅಳತೆ ಅದು. ಈಗಿನ ಲೆಕ್ಕದಲ್ಲಿ 746 ವಾಟ್. ನಮ್ಮ ಕೃಷಿ ಎಂಜಿನಿಯರುಗಳು ಒಂದು ಜೋಡಿ ಎತ್ತಿನ ಶಕ್ತಿಯನ್ನು ಸುಮಾರು ಒಂದು ಎಚ್.ಪಿ. ಎಂದು ಹಿಡಿಯುತ್ತಾರೆ. ಹಾಗಿದ್ದರೆ ಐವತ್ತು ಎಚ್.ಪಿ. ಎಂದರೆ ಐವತ್ತು ಜೋಡಿ ಎತ್ತು! ಹನ್ನೊಂದು ಎಕರೆ ಇಟ್ಟುಕೊಂಡು ಐವತ್ತು ಜೋಡಿ ಎತ್ತು ಕಟ್ಟಿದವನನ್ನು ನಮ್ಮ ಹಿರಿಯರು ಏನೆಂದು ಕರೆಯುತ್ತಿದ್ದರೋ, ಓದುಗರೇ ಊಹಿಸಿಕೊಳ್ಳಬೇಕು. ಅಳಿಯನಿಗೆ ಈ ಲೆಕ್ಕ ಹೇಳಿದಾಗ ಅವನಿಗೂ ನಗು ಬಂತು. "ಮೇವೆಲ್ಲಿಂದ ತರೋದತ್ತಿ?" ಎಂದ. ಡೀಸೆಲ್ಲೂ ಮೇವೇ ಅಲ್ಲವೇ!

ಇನ್ನೊಂದು ಮಾತು. ಬಾನೆಟ್ಟಿನ ಮೇಲೆ ಬರೆದಿರುವ ಎಚ್.ಪಿ. ಇಂಜಿನ್ನಿನದು. ಅದೆಲ್ಲ ಕೆಲಸಕ್ಕೆ ಬರುವುದಿಲ್ಲ. ರೋಟವೇಟರನ್ನೋ ರಾಶಿ ಯಂತ್ರವನ್ನೋ ತಿರುಗಿಸುವ ಹಿಂದಿನ ದಂಡಕ್ಕೆ, ಅಂದರೆ ಪಿ.ಟಿ.ಓ.ಗೆ, ಸಾಮಾನ್ಯವಾಗಿ ಮುಟ್ಟುವುದು ನೂರಕ್ಕೆ ಎಂಬತ್ತೈದರಷ್ಟು. ನೆಲದ ಮೇಲೆ ಕುಂಟೆ ಎಳೆಯುವಾಗ ಗಾಲಿ ಜಾರಿ ಇನ್ನಷ್ಟು ಕಡಿಮೆಯಾಗುತ್ತದೆ. ಆದ್ದರಿಂದ ಒಂದು ಕಂಪನಿಯ ನಲವತ್ತೆರಡು ಇನ್ನೊಂದರ ನಲವತ್ತೈದಕ್ಕಿಂತ ಹೊಲದಲ್ಲಿ ಚೆನ್ನಾಗಿ ದುಡಿಯಬಹುದು. ಇದನ್ನೆಲ್ಲ ಅಳೆಯುವ ಕೇಂದ್ರ ಸರ್ಕಾರದ ಸಂಸ್ಥೆಯೊಂದು ಮಧ್ಯಪ್ರದೇಶದ ಬುದ್ನಿಯಲ್ಲಿ ಇದೆ. ಅಲ್ಲಿ ಪರೀಕ್ಷೆಯಾದ ಟ್ರ್ಯಾಕ್ಟರಿನ ಪಿ.ಟಿ.ಓ. ಶಕ್ತಿ, ಎಳೆಯುವ ಬಲ, ಡೀಸೆಲ್ ಖರ್ಚು, ಬ್ರೇಕು, ಎಲ್ಲದಕ್ಕೂ ವರದಿ ಇರುತ್ತದೆ. ನಮ್ಮ ಮಕ್ಕಳ ಅಂಕಪಟ್ಟಿಯಂತೆ ಅದು. ಶೋರೂಮಿನಲ್ಲಿ ಕೇಳಬೇಕಾದ್ದು ಆ ಅಂಕಪಟ್ಟಿಯನ್ನು. ತೋರಿಸುವುದು ಮಾತ್ರ ಬಣ್ಣದ ಕಾಗದವನ್ನು.

ಸಣ್ಣ ಟ್ರ್ಯಾಕ್ಟರು ದೊಡ್ಡ ಕೆಲಸ ಮಾಡುವ ಗುಟ್ಟು ಎಲ್ಲಿದೆ ಎಂಬುದೂ ಓದುತ್ತ ಓದುತ್ತ ತಿಳಿಯಿತು. ಆರಂಭದ ಕಾಲದಲ್ಲಿ ಟ್ರ್ಯಾಕ್ಟರಿಗೆ ನೇಗಿಲನ್ನು ಬಂಡಿಯಂತೆ ಹಿಂದೆ ಸುಮ್ಮನೆ ಕಟ್ಟುತ್ತಿದ್ದರು. ನೇಗಿಲು ಕಲ್ಲಿಗೋ ಬೇರಿಗೋ ಸಿಕ್ಕರೆ ಮುಂದಿನ ಗಾಲಿ ಮೇಲೆದ್ದು ಟ್ರ್ಯಾಕ್ಟರು ಹಿಂದಕ್ಕೆ ಮಗುಚಿ, ಕೂತವನ ಮೇಲೇ ಬೀಳುತ್ತಿತ್ತು. ಹಾಗಾಗದಿರಲೆಂದು ಯಂತ್ರವನ್ನೇ ಬಹಳ ಭಾರವಾಗಿ ಮಾಡುತ್ತಿದ್ದರು. ಐರ್ಲೆಂಡಿನ ಒಕ್ಕಲುಮನೆಯಲ್ಲಿ ಹುಟ್ಟಿದ ಹ್ಯಾರಿ ಫರ್ಗ್ಯೂಸನ್ ಎಂಬಾತ ಇದಕ್ಕೆ ಬೇರೆಯೇ ಉಪಾಯ ಹುಡುಕಿದ. ನೇಗಿಲನ್ನು ಮೂರು ಕಡೆ ಹಿಡಿದು ಹೈಡ್ರಾಲಿಕ್ಕಿನಿಂದ ಎತ್ತಿ ಇಳಿಸುವ ಅವನ ಏರ್ಪಾಟಿನಲ್ಲಿ, ನೇಗಿಲಿನ ಭಾರವೂ ಮಣ್ಣಿನ ಎಳೆತವೂ ಹಿಂದಿನ ಗಾಲಿಗಳ ಮೇಲೆ ಬಿದ್ದು ಅವು ನೆಲ ಕಚ್ಚಿ ಹಿಡಿಯುವಂತಾಯಿತು. ಅದಕ್ಕೆ 1926ರಲ್ಲಿ ಪೇಟೆಂಟ್ ಪಡೆದ. 1939ರಲ್ಲಿ ಫೋರ್ಡ್ ಕಂಪನಿಯ ಟ್ರ್ಯಾಕ್ಟರಿನಲ್ಲಿ ಅದು ಲೋಕಕ್ಕೆಲ್ಲ ಪರಿಚಯವಾಯಿತು. ಇಂದು ನಮ್ಮೂರಿನ ಯಾವ ಟ್ರ್ಯಾಕ್ಟರಿನ ಹಿಂದೆ ನಿಂತು ನೋಡಿದರೂ ಕಾಣುವ ಆ ಮೂರು ತೋಳುಗಳು ಅವನವೇ. ಸಲಕರಣೆ ಸರಿಯಾಗಿ ಹೊಂದಿಕೊಂಡಿದ್ದರೆ ಯಂತ್ರ ಆನೆಯಾಗಬೇಕಾಗಿಲ್ಲ ಎಂಬುದೇ ಅದರ ಪಾಠ.

ನಮ್ಮ ದೇಶದ ಟ್ರ್ಯಾಕ್ಟರಿನ ಚರಿತ್ರೆಯೂ ಸಣ್ಣದರಿಂದಲೇ ಆರಂಭವಾದದ್ದು. 1959ರಲ್ಲಿ ಫರೀದಾಬಾದಿನಲ್ಲಿ ಐಷರ್ ಬಂತು. ದುರ್ಗಾಪುರದ ಸರ್ಕಾರಿ ಸಂಶೋಧನಾಲಯದಲ್ಲಿ ನಮ್ಮವರೇ ರೂಪಿಸಿದ ಸ್ವರಾಜ್ 1974ರಲ್ಲಿ ಪಂಜಾಬಿನಲ್ಲಿ ತಯಾರಾಗಿ ಹೊರಬಂತು. ಅದರ ಶಕ್ತಿ ಮೂವತ್ತು ಎಚ್.ಪಿ.ಗೂ ಕಡಿಮೆ. ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಸುತ್ತಿನ ಹಳ್ಳಿಗಳಲ್ಲಿ ಮೂವತ್ತೈದು ಎಚ್.ಪಿ. ಎಂದರೆ ಗೌಡರ ಮನೆಯ ಟ್ರ್ಯಾಕ್ಟರು. ಅದು ನೂರಾರು ಎಕರೆ ಉಳುತ್ತಿತ್ತು. ಎರೆ ಭೂಮಿ ಅದೇ ಇದೆ. ಆಗಿನಿಂದ ಈಗಿನವರೆಗೆ ತಲೆಗೆ ಬರುವ ಭೂಮಿ ಕಡಿಮೆಯಾಗಿದೆ, ಎಚ್.ಪಿ. ಮಾತ್ರ ಏರಿದೆ.

ಇನ್ನು ಕೆಲಸದ ಲೆಕ್ಕ. ಮುಂದಿನ ಭಾನುವಾರ ಮತ್ತೆ ಹೋಗಿ ತಮ್ಮನ ಹೆಂಡತಿಯನ್ನು ಕೂಡಿಸಿಕೊಂಡೆ. ಆಕೆ ಓದಿದ್ದು ಏಳನೆಯ ಇಯತ್ತೆ. ಆದರೆ ಯಾವ ಹೊಲಕ್ಕೆ ಯಾವಾಗ ಯಾರು ಬಂದರು, ಎಷ್ಟು ಹೊತ್ತು ಹೊಡೆದರು, ಎಷ್ಟು ರೊಕ್ಕ ಕೊಟ್ಟೆವು ಎಂಬುದೆಲ್ಲ ಆಕೆಯ ಬಾಯಲ್ಲಿತ್ತು. ಚಹ ಕಾಸಿ ಕೊಟ್ಟವಳು ಆಕೆಯೇ ಅಲ್ಲವೇ! ಆಕೆ ಹೇಳಿದಳು, ನಾನು ಬರೆದೆ. ಎರೆ 6 ಎಕರೆಗೆ ಬೇಸಿಗೆಯಲ್ಲಿ ಎರಡು ಸಲ ಕಲ್ಟಿವೇಟರ್, ಒಂದು ಸಲ ಕುಂಟೆ, ಬಿತ್ತನೆ: ಎಕರೆಗೆ ಸಲಕ್ಕೊಂದು ತಾಸಿನಂತೆ 24. ಹತ್ತಿ ಹಾಕುವ 4 ಎಕರೆಯಲ್ಲಿ ಮೂರು ಸಲ ಎಡೆ ಹೊಡೆಯಲು 12. ಹತ್ತಿ ಕಟ್ಟಿಗೆ ಪುಡಿ ಮಾಡಲು ರೋಟವೇಟರ್ 6. ನೆಲ್ಲಿನ ಮೂರು ಎಕರೆಗೆ ಒಣ ಉಳುಮೆ, ಕೆಸರು ಹೊಡೆತ, ಮಟ್ಟ ಮಾಡುವುದು ಸೇರಿ 15. ಮಸಾರಿಗೆ 6. ಗೊಬ್ಬರ, ಸೊಪ್ಪೆ, ಹತ್ತಿ, ನೆಲ್ಲಿನ ಚೀಲ, ಎಲ್ಲ ಸಾಗಣೆಗೆ 60. ಕೂಡಿಸಿದರೆ ವರ್ಷಕ್ಕೆ 123 ತಾಸು.

ಕೃಷಿ ಎಂಜಿನಿಯರಿಂಗಿನ ಪುಸ್ತಕಗಳಲ್ಲಿ ಟ್ರ್ಯಾಕ್ಟರಿನ ಆಯುಷ್ಯವನ್ನು ಹತ್ತು ವರ್ಷ, ವರ್ಷಕ್ಕೆ 1000 ತಾಸು ದುಡಿತ ಎಂದು ಹಿಡಿದು ಖರ್ಚು ಹಾಕುತ್ತಾರೆ. ನಮ್ಮದು 123! ತಾಸಿಗೆ ಸಾವಿರ ರೂಪಾಯಿಯಂತೆ ಬಾಡಿಗೆಗೆ ಹೊಡೆಸಿದರೆ ವರ್ಷಕ್ಕೆ 1,23,000. ಸ್ವಂತದ್ದಾದರೆ, ನಲವತ್ತರ ಆಸುಪಾಸಿನದಕ್ಕೆ ಐದು ಲಕ್ಷ ಸಾಲ ಮಾಡಿದರೂ ಏಳು ವರ್ಷ ಕಂತು ವರ್ಷಕ್ಕೆ ಒಂದು ಲಕ್ಷದ ಮೇಲೆ. ತಾಸಿಗೆ ನಾಲ್ಕು ಲೀಟರಿನಂತೆ ಡೀಸೆಲ್ 44 ಸಾವಿರ. ಆಯಿಲ್, ವಿಮೆ, ರಿಪೇರಿ ಬೇರೆ. ಐವತ್ತು ಎಚ್.ಪಿ.ಗೆ ಏಳು ಲಕ್ಷ ಸಾಲವಾದರೆ ಕಂತೇ ಒಂದೂವರೆ ಲಕ್ಷದ ಹತ್ತಿರ. ಈ ಲೆಕ್ಕವನ್ನು ಹಾಳೆಯಲ್ಲಿ ಬರೆದು ಅಳಿಯನ ಮುಂದಿಟ್ಟು, "ಬಾಡಿಗಿನೇ ಅಗ್ಗ ಐತಲ್ಲೋ" ಎಂದೆ. ಕೃಷಿ ಯಂತ್ರಧಾರೆ ಎಂದು 2014ರಿಂದ ಹೋಬಳಿಗಳಲ್ಲಿ ಬಾಡಿಗೆಗೆ ಯಂತ್ರ ಕೊಡುವ ಏರ್ಪಾಡನ್ನು ಸರ್ಕಾರ ಮಾಡಿದ್ದನ್ನೂ ನೆನಪಿಸಿದೆ.

ಅವನು ಹಾಳೆಯನ್ನು ಬಹಳ ಹೊತ್ತು ನೋಡಿದ. ಆಮೇಲೆ ಹೇಳಿದ: "ಲೆಕ್ಕ ಬರೋಬ್ಬರಿ ಐತಿ ಅತ್ತಿ. ಆದ್ರ ಇದ್ರಾಗ ಹದ ಇಲ್ಲ."

ನನ್ನ ಬಾಯಿ ಕಟ್ಟಿತು. ಹದ ಎಂಬ ಮಾತು ಒಕ್ಕಲುತನದವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಪಟ್ಟಣದ ಓದುಗರಿಗಾಗಿ ಹೇಳುತ್ತೇನೆ. ಎರೆ ಒಣಗಿದರೆ ಕಲ್ಲಾಗಿ ಬಿರಿಯುತ್ತದೆ, ತೊಯ್ದರೆ ಅಂಟಾಗಿ ಕಾಲು ಹಿಡಿಯುತ್ತದೆ. ನಡುವೆ, ಮಳೆ ನಿಂತ ಮೇಲೆ, ಕಾಲಿಗೆ ಮಣ್ಣು ಮೆತ್ತದ, ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಿ ಬಿಟ್ಟರೆ ಉದುರುವ ಎರಡು ಮೂರು ದಿನ ಸಿಗುತ್ತವೆ. ಅದು ಹದ. ಬಿತ್ತುವುದಾದರೆ ಆಗ. ಆ ಎರಡು ದಿನ ಊರಿಗೆ ಊರೇ ಟ್ರ್ಯಾಕ್ಟರಿಗೆ ಮುಗಿಬೀಳುತ್ತದೆ. ಇಟ್ಟವನು ಮೊದಲು ತನ್ನ ಹೊಲ, ಆಮೇಲೆ ತನ್ನ ಬೀಗರ ಹೊಲ, ಆಮೇಲೆ ದೊಡ್ಡ ಹೊಲದವರದು ಮುಗಿಸಿ ಆರು ಎಕರೆಯವರ ಕಡೆ ತಿರುಗುವಷ್ಟರಲ್ಲಿ ಮೂರನೆಯ ದಿನದ ಬಿಸಿಲು ತೇವ ಹೀರಿರುತ್ತದೆ. ಎರಡು ಮುಂಗಾರು ನಮ್ಮ ಹತ್ತಿ ಹಾಗೆ ತಡವಾಗಿ ಬಿದ್ದು ಸಾಲು ಸಾಲೇ ಹುಟ್ಟದೆ ಹೋದದ್ದು ಅವನ ಮನಸ್ಸಿನಲ್ಲಿತ್ತು. ಎತ್ತು ಮಾರಿದ ಮೇಲೆ ನಮ್ಮ ಮನೆ ಕಳೆದುಕೊಂಡದ್ದು ಶಕ್ತಿಯನ್ನಲ್ಲ, ಹದವನ್ನು. ಮನೆಯಲ್ಲಿ ಎತ್ತಿದ್ದಾಗ ಹದ ನಮ್ಮ ಕೈಯಲ್ಲಿತ್ತು.

ಅಲ್ಲಿಗೆ ಇಬ್ಬರ ವಾದವೂ ಒಂದು ದಾರಿಗೆ ಬಂತು. ಬೇಕಾದ್ದು ಹದಕ್ಕೆ ಮನೆಯಲ್ಲಿ ನಿಂತಿರುವ ಯಂತ್ರ. ಅದು ಅವನ ಮಾತು. ಹದಕ್ಕೆ ಬೇಕಾದ ಕೆಲಸಗಳೆಲ್ಲ ಹಗುರ ಕೆಲಸಗಳು: ಹರಗುವುದು, ಬಿತ್ತುವುದು, ಎಡೆ ಹೊಡೆಯುವುದು. ಅದಕ್ಕೆ ಐವತ್ತು ಬೇಕಾಗಿಲ್ಲ. ಇದು ನನ್ನ ಮಾತು. ಭಾರದ ಕೆಲಸವಾದ ಪಲ್ಟಿ ಹೊಡೆಯುವುದು ಎರಡು ಮೂರು ವರ್ಷಕ್ಕೊಮ್ಮೆ, ಅದೂ ಬೇಸಿಗೆಯಲ್ಲಿ. ಅವಸರವಿಲ್ಲದ ಆ ಕೆಲಸಕ್ಕೆ ಬಾಡಿಗೆಯದು ತಂದರಾಯಿತು. ಮೇಲಾಗಿ, ಇನ್ನೂ ತೇವವಿರುವ ಎರೆಯ ಮೇಲೆ ಭಾರದ ಟ್ರ್ಯಾಕ್ಟರು ಹಾದರೆ ಗಾಲಿಯ ಕೆಳಗಿನ ಮಣ್ಣು ಒತ್ತಿ ಗಟ್ಟಿಯಾಗಿ, ಬೇರು ಇಳಿಯದ ಪದರವಾಗುತ್ತದೆ. ಹಗುರ ಕೆಲಸಕ್ಕೆ ಹಗುರ ಯಂತ್ರವೇ ಲೇಸು. ಹಾಗೆಂದು ಇಪ್ಪತ್ತು ಎಚ್.ಪಿ.ಯ ಪುಟಾಣಿ ಟ್ರ್ಯಾಕ್ಟರು ದ್ರಾಕ್ಷಿ ತೋಟಕ್ಕೆ ಸರಿ. ತುಂಬಿದ ಟ್ರಾಲಿ ಹಿಂದೆ ನೂಕಿದರೆ ಇಳಿಜಾರಿನಲ್ಲಿ ತಡೆದು ನಿಲ್ಲುವ ಮೈಭಾರ ಅದಕ್ಕಿಲ್ಲ. ಹೀಗೆ ಮೇಲಿನಿಂದ ಇಳಿಯುತ್ತ, ಕೆಳಗಿನಿಂದ ಏರುತ್ತ, ಮೂವತ್ತೈದರಿಂದ ನಲವತ್ತೆರಡರ ನಡುವೆ ಬಂದು ನಿಂತೆವು. ಐವತ್ತು ಎಚ್.ಪಿ. ದಾಟಿದ ಟ್ರ್ಯಾಕ್ಟರುಗಳಿಗೆ 2023ರ ಜನವರಿಯಿಂದ ಹೊಗೆಯ ಕಟ್ಟುನಿಟ್ಟಿನ ನಿಯಮ ಬಂದು, ಇಂಜಿನ್ನಿನಲ್ಲಿ ಸೂಕ್ಷ್ಮ ಭಾಗಗಳು ಹೆಚ್ಚಿವೆ. ಈ ಗಾತ್ರದವು ಹಳೆಯ ಮಾದರಿಯವೇ. ನಮ್ಮೂರ ಮೇಸ್ತ್ರಿಯ ಪಾನಾಕ್ಕೆ ಬಗ್ಗುವಂಥವು.

ಮುಂದಿನದು ಕಂಪನಿಯ ಪ್ರಶ್ನೆ. ಅದಕ್ಕೆ ನಾನು ಉತ್ತರ ಹೇಳುವುದಿಲ್ಲ, ಏಕೆಂದರೆ ಒಂದೊಂದು ಊರಿಗೆ ಒಂದೊಂದು ಉತ್ತರ. ಎಚ್.ಎಂ.ಟಿ. ಟ್ರ್ಯಾಕ್ಟರನ್ನು ನೆನೆಸಿಕೊಳ್ಳಿ. 1971ರಲ್ಲಿ ಹರಿಯಾಣದ ಪಿಂಜೋರಿನಲ್ಲಿ ಆರಂಭವಾಗಿ, ಗಟ್ಟಿ ಯಂತ್ರ ಎಂಬ ಹೆಸರು ಗಳಿಸಿತ್ತು. 2016ರಲ್ಲಿ ಆ ವಿಭಾಗವನ್ನು ಮುಚ್ಚಲು ಕೇಂದ್ರ ಸಂಪುಟ ಒಪ್ಪಿತು. ಯಂತ್ರ ಎಷ್ಟೇ ಗಟ್ಟಿಯಿದ್ದರೂ ಬಿಡಿಭಾಗ ಹುಡುಕಿಕೊಂಡು ಊರೂರು ತಿರುಗುವುದು ಹದದ ದಿನಗಳಲ್ಲಿ ಆಗದ ಮಾತು. ಆದ್ದರಿಂದ ಅಳಿಯನಿಗೆ ಹೇಳಿದ್ದಿಷ್ಟು: ಸುತ್ತಿನ ಹಳ್ಳಿಗಳಲ್ಲಿ ಯಾವುದು ಹೆಚ್ಚು ಓಡುತ್ತಿದೆ, ಮೇಸ್ತ್ರಿ ಯಾವುದನ್ನು ಕಣ್ಣುಮುಚ್ಚಿ ಬಿಚ್ಚುತ್ತಾನೆ, ದೇವದುರ್ಗದಲ್ಲೋ ರಾಯಚೂರಿನಲ್ಲೋ ಅದೇ ದಿನ ಸಾಮಾನು ಸಿಗುವುದು ಯಾವುದಕ್ಕೆ, ಇದನ್ನು ನೋಡಿ ಬಾ. ಶೋರೂಮಿನವನನ್ನಲ್ಲ, ಐದು ವರ್ಷ ಓಡಿಸಿದವನನ್ನು ಕೇಳು.

ಅವ್ವನ ಪ್ರಶ್ನೆ ಇನ್ನೂ ಬಾಕಿ ಇತ್ತು. ಅದಕ್ಕೆ ಉತ್ತರ ಸಿಕ್ಕಿದ್ದು ಗಾಲಿಯಲ್ಲಿ. ಹಿಂದಿನ ಗಾಲಿಗಳ ತಟ್ಟೆಗಳನ್ನು ಬಿಚ್ಚಿ ತಿರುಗಿಸಿ ಕೂಡಿಸಿದರೆ ಎರಡು ಗಾಲಿಗಳ ನಡುವಿನ ಅಂತರವನ್ನು ಹೆಚ್ಚು ಕಡಿಮೆ ಮಾಡಲು ಬರುತ್ತದೆ. ಆ ಅಂತರವನ್ನು ಮೊದಲು ಗೊತ್ತು ಮಾಡಿಕೊಂಡು, ಅದಕ್ಕೆ ಹೊಂದುವ ಹಾಗೆ ಹತ್ತಿಯ ಸಾಲು ಬಿಟ್ಟರೆ, ಗಿಡ ಮೊಣಕಾಲೆತ್ತರ ಬರುವ ತನಕ ಟ್ರ್ಯಾಕ್ಟರಿನಿಂದಲೇ ಎಡೆ ಹೊಡೆಯಬಹುದು. ಅದಕ್ಕೆ ಹೊಟ್ಟೆ ನೆಲದಿಂದ ಎತ್ತರವಿರಬೇಕು, ಟೈರು ಅಗಲ ಕಡಿಮೆಯಿರಬೇಕು. ದೊಡ್ಡ ಟ್ರ್ಯಾಕ್ಟರಿನ ಅಗಲ ಟೈರಿಗೆ ಈ ಕೆಲಸ ಒಗ್ಗುವುದಿಲ್ಲ. ಅವ್ವನಿಗೆ ಹೇಳಿದೆ: "ಅರ್ಧ ತಗೀತೈತವ್ವ. ಸಾಲಿನ ನಡುವಿಂದು ಅದು ತಗೀತೈತಿ. ಗಿಡದ ಬುಡದ್ದು ಕೈಲೇ ಆಗ್ಬೇಕು." ಅವ್ವ, "ಅರ್ಧ ಅಂದ್ರೂ ಭಾಳಾತು" ಎಂದಳು.

ಜಾಮೀನಿಗೆ ಸಹಿ ಹಾಕುವ ಮೊದಲು ನಾನು ಎರಡು ಕರಾರು ಹಾಕಿದೆ. ಒಂದು, ಪಿ.ಟಿ.ಓ. ದಂಡದ ಮೇಲಿನ ಕವಚ ಯಾವ ಕಾರಣಕ್ಕೂ ಬಿಚ್ಚಕೂಡದು. ಆ ದಂಡ ನಿಮಿಷಕ್ಕೆ 540 ಸುತ್ತು ತಿರುಗುತ್ತದೆ. ಅಂದರೆ ಸೆಕೆಂಡಿಗೆ 9 ಸುತ್ತು. ಸೆರಗಿನ ಚುಂಗು ಸಿಕ್ಕರೆ ಕೂಗುವುದಕ್ಕೂ ವೇಳೆ ಇರುವುದಿಲ್ಲ. ರಾಶಿ ಯಂತ್ರದ ಸುತ್ತ ನಿಲ್ಲುವವರು ಹೆಚ್ಚಾಗಿ ಸೀರೆ ಉಟ್ಟವರೇ. ಎರಡನೆಯದು, ಟ್ರಾಲಿಯಲ್ಲಿ ಮಂದಿಯನ್ನು ಕೂಡಿಸಕೂಡದು. ಹತ್ತಿ ಬಿಡಿಸಲು ಹೋಗುವ ಹೆಣ್ಣಾಳುಗಳನ್ನು ಟ್ರಾಲಿಯಲ್ಲಿ ತುಂಬಿ ಒಯ್ಯುವುದು ನಮ್ಮ ಕಡೆ ದಿನಾ ಕಾಣುವ ನೋಟ. ಅದು ಕಾನೂನಿಗೂ ವಿರುದ್ಧ. ಸರಕಿಗೆಂದು ಮಾಡಿದ ಟ್ರಾಲಿ ಕಾಲುವೆ ಏರಿಯ ಮೇಲೆ ಒಂದು ಗೇಣು ಜಾರಿದರೆ ಸಾಕು, ಮರುದಿನದ ಪತ್ರಿಕೆಯಲ್ಲಿ ನಾಲ್ಕು ಸಾಲಿನ ಸುದ್ದಿ. ಆ ಸುದ್ದಿಯ ಹೆಸರುಗಳಲ್ಲಿ ನಮ್ಮ ಶಾಲೆ ಬಿಟ್ಟ ಹುಡುಗಿಯರೂ ಇರುತ್ತಾರೆ ಎಂಬುದು ನನಗಿರುವ ಭಯ. ಅಳಿಯ ಎರಡಕ್ಕೂ ಒಪ್ಪಿದ. ಅವನ ತಾಯಿ ತನ್ನದೂ ಒಂದು ಸೇರಿಸಿದಳು: "ನೀರಾವರಿ ಮೂರು ಎಕರೆ ಸಾಲಕ್ಕ ಬರ್ಸಬ್ಯಾಡ್ರಿ. ಉಣ್ಣಾಕ ಅದೊಂದು ಇರ್ಲಿ." ಬ್ಯಾಂಕಿಗೆ ಎರೆ ಹೊಲವನ್ನಷ್ಟೇ ತೋರಿಸಿ ಸಾಲ ತೆಗೆದೆವು. ಅವ್ವ ಹೆಬ್ಬೆಟ್ಟು ಒತ್ತಿದ ಮೇಲೆ ನಾನು ಸಹಿ ಮಾಡಿದೆ.

ಅಷ್ಟರಲ್ಲಿ ಟ್ರ್ಯಾಕ್ಟರಿನ ಮೇಲಿನ ಜಿ.ಎಸ್.ಟಿ. ನೂರಕ್ಕೆ 12ರಿಂದ 5ಕ್ಕೆ ಇಳಿಯುತ್ತದೆಂಬ ಸುದ್ದಿ ಬಂತು. 2025ರ ಸೆಪ್ಟೆಂಬರ್ 22ರಿಂದ ಇಳಿಯಿತು ಕೂಡ. ಹದಕ್ಕಾಗಿ ಅವಸರಪಡುವ ಹುಡುಗನಿಗೆ ತೆರಿಗೆಗಾಗಿ ಕಾಯುವ ತಾಳ್ಮೆಯೂ ಬಂದದ್ದು ನನಗೆ ಸಮಾಧಾನವಾಯಿತು. ಕಾಯುವ ದಿನಗಳಲ್ಲಿ ಅನಂತಪುರದ ಕಡೆ ಗಾರ್ಲದಿನ್ನೆಯಲ್ಲಿ ಕೇಂದ್ರ ಸರ್ಕಾರದ ಸಂಸ್ಥೆ ರೈತರಿಗೆ ಯಂತ್ರಗಳ ತರಬೇತಿ ಕೊಡುತ್ತದೆಂದು ತಿಳಿದು ಅದರ ವಿಳಾಸ ಬರೆದುಕೊಂಡ. ದೀಪಾವಳಿ ಪಾಡ್ಯದ ದಿನ ಮೂವತ್ತೊಂಬತ್ತು ಎಚ್.ಪಿ.ಯ ಟ್ರ್ಯಾಕ್ಟರು ಮನೆಗೆ ಬಂತು. ಜೊತೆಗೆ ಒಂದು ಕಲ್ಟಿವೇಟರ್, ಒಂದು ಬಿತ್ತುವ ಕೂರಿಗೆ. ರೋಟವೇಟರನ್ನು ಬಾಡಿಗೆಗೆ ತರುವುದೆಂದು ಬಿಟ್ಟೆವು. ನೋಡಲು ಬಂದವರಲ್ಲಿ ಇಬ್ಬರು, "ಇನ್ನೊಂದೀಟು ದೊಡ್ಡದು ತರಬೇಕಿತ್ತು" ಎಂದರು. ತಮ್ಮ, "ಹೊಲಾನೂ ಇನ್ನೊಂದೀಟು ದೊಡ್ಡದು ಕೊಡ್ರಿ, ತರ್ತೀವಿ" ಎಂದ. ನಗುತ್ತ ಚಹ ಕುಡಿದು ಹೋದರು.

ಆ ವಾರವೇ ಎರೆಯ ಎರಡು ಎಕರೆಗೆ ಕಡಲೆ ಬಿತ್ತಿದೆವು. ಬೆಳಿಗ್ಗೆ ತಮ್ಮ ಮಣ್ಣು ಮುಷ್ಟಿಯಲ್ಲಿ ಹಿಡಿದು ನೋಡಿ ಹೂಂ ಎಂದ. ಮಧ್ಯಾಹ್ನದೊಳಗೆ ಕೆಲಸ ಮುಗಿದಿತ್ತು. ಯಾರ ಬಾಗಿಲಿಗೂ ಹೋಗಿ ನಿಲ್ಲಬೇಕಾಗಲಿಲ್ಲ.

ನನ್ನ ಹತ್ತಿರ ಬಳಸದೆ ಉಳಿದಿದ್ದ ಹಾಜರಿ ಪುಸ್ತಕವೊಂದನ್ನು ತಮ್ಮನ ಹೆಂಡತಿಗೆ ಕೊಟ್ಟಿದ್ದೇನೆ. ಟ್ರ್ಯಾಕ್ಟರಿನ ತಾಸಿನ ಮೀಟರು ನೋಡಿ, ಯಾವ ದಿನ ಎಷ್ಟು ತಾಸು, ಯಾರ ಹೊಲ, ಎಷ್ಟು ಡೀಸೆಲ್, ಯಾರದು ಬಾಕಿ ಎಂದು ಆಕೆಯೇ ಬರೆಯುತ್ತಾಳೆ. ಡಿಸೆಂಬರ್ ಕೊನೆಗೆ 96 ತಾಸು ಆಗಿತ್ತು. ನಮ್ಮದು 31, ಮಂದಿಯದು 65. ಕಂತಿನ ಮಟ್ಟಿಗೆ ನೆಮ್ಮದಿಯ ಲೆಕ್ಕ. ಹೋದ ಸಲ ಪುಸ್ತಕ ತೆರೆದು ನೋಡಿದಾಗ, ನಾನು ಎಳೆದುಕೊಟ್ಟಿದ್ದ ಕಾಲಮುಗಳ ಪಕ್ಕದಲ್ಲಿ ಆಕೆ ಪೆನ್ಸಿಲಿನಿಂದ ತನ್ನದೊಂದು ಹೊಸ ಕಾಲಮು ಎಳೆದಿದ್ದಳು. ಮೇಲೆ "ಕೈ ಕಳಿ, ಎಷ್ಟು ಆಳು, ಎಷ್ಟು ದಿನ" ಎಂದು ಬರೆದಿದೆ. ಹೋದ ಮುಂಗಾರಿನ ಲೆಕ್ಕವನ್ನು ಜ್ಞಾಪಕದಿಂದಲೇ ಮೊದಲ ಸಾಲಿನಲ್ಲಿ ತುಂಬಿದ್ದಾಳೆ. ಕೆಳಗಿನ ಸಾಲು ಖಾಲಿ ಇದೆ. ಬರುವ ಮುಂಗಾರಿಗೆ ಹತ್ತಿ ಹುಟ್ಟಿದ ಮೇಲೆ ತುಂಬಬೇಕು.